ಸಿಗ್ನಲ್, ಇಮೇಜಿಂಗ್, ಸರ್ಕ್ಯೂಟ್ ಸಂಶೋಧನೆ ಈಗ ಯಾವ ಕಡೆಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಾನಿಕ್ಸ್ ಓದುತ್ತಿರುವವರು, ಸಂಶೋಧನೆಗೆ ವಿಷಯ ಹುಡುಕುತ್ತಿರುವವರು, ಕೆಲಸದಲ್ಲಿದ್ದುಕೊಂಡೇ ಮತ್ತೆ ಓದಬೇಕು ಅಂದುಕೊಂಡವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಸಾಲಾಗಿಯೇ ಓದಬೇಕೆಂದೇನಿಲ್ಲ. ಮೊದಲ ಎರಡು ಉತ್ತರ ಓದಿಕೊಂಡರೆ ಉಳಿದದ್ದು ಸುಲಭವಾಗಿ ತಲೆಗೆ ಹತ್ತುತ್ತದೆ.

ಈ ಮೂರೂ ಬೇರೆ ಬೇರೆ ವಿಷಯ ಅಲ್ವಾ? ಒಟ್ಟಿಗೆ ಯಾಕೆ ಹೇಳುತ್ತೀರಿ?

ಕಾಲೇಜಿನಲ್ಲಿ ಬೇರೆ ಬೇರೆ ಪೇಪರ್, ನಿಜ. ಬಹಳ ಕಾಲ ಕೆಲಸವೂ ಹಾಗೇ ನಡೆಯಿತು. ಸೆನ್ಸರ್ ಮಾಡುವವರು ಸೆನ್ಸರ್ ಮಾಡಿ ಕೊಟ್ಟರು. ಸರ್ಕ್ಯೂಟ್‌ನವರು ಅದರಿಂದ ಬಂದ ಪುಟ್ಟ ವೋಲ್ಟೇಜನ್ನು ಹಿಗ್ಗಿಸಿ ಸಂಖ್ಯೆಯಾಗಿ ಮಾಡಿದರು. ಆಮೇಲೆ ಸಿಗ್ನಲ್ ಪ್ರೊಸೆಸಿಂಗ್‌ನವರು ಕೂತು ಗದ್ದಲ ತೆಗೆದರು, ಚಿತ್ರ ಕಟ್ಟಿದರು. ಒಬ್ಬರು ಕೈ ತೊಳೆದುಕೊಂಡ ಮೇಲೆ ಇನ್ನೊಬ್ಬರ ಸರದಿ.

ಈಗ ಒಳ್ಳೆಯ ಕೆಲಸ ನಡೆಯುತ್ತಿರುವುದು ಇವುಗಳ ನಡುವಿನ ಗಡಿಯಲ್ಲೇ. ಕಾರಣ ಸರಳ. ಲೆಕ್ಕ ಮಾಡುವುದು ತುಂಬ ಅಗ್ಗವಾಯಿತು. ಅಳೆಯುವುದು, ಅಳೆದದ್ದನ್ನು ಸಂಖ್ಯೆಯಾಗಿಸುವುದು, ಆ ಸಂಖ್ಯೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಅಷ್ಟು ಅಗ್ಗವಾಗಲಿಲ್ಲ. ಹಾಗಾಗಿ ಇವತ್ತಿನ ಸಂಶೋಧನೆಯ ದೊಡ್ಡ ಪ್ರಶ್ನೆ ಇದು: ಯಾವುದನ್ನು ಅಳೆಯದೆ ಬಿಡಬಹುದು? ಯಾವುದನ್ನು ಸಾಗಿಸದೆ ಇದ್ದಲ್ಲೇ ಮುಗಿಸಬಹುದು? ಇದಕ್ಕೆ ಸೆನ್ಸರ್, ಸರ್ಕ್ಯೂಟ್, ಅಲ್ಗಾರಿದಮ್ ಮೂರನ್ನೂ ಒಟ್ಟಿಗೆ ಯೋಚಿಸದೆ ಉತ್ತರ ಸಿಗುವುದಿಲ್ಲ.

ಸಾಗಿಸುವುದು ದುಬಾರಿ ಅಂದರೆ, ಎಷ್ಟು ದುಬಾರಿ?

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಒಂದು ಭಾಷಣದಲ್ಲಿ ಈ ಲೆಕ್ಕವನ್ನು ಮುಂದಿಟ್ಟರು. ಆಮೇಲೆ ಚಿಪ್ ಸಂಶೋಧನೆಯಲ್ಲಿ ಅದನ್ನು ಎತ್ತದ ಜಾಗವಿಲ್ಲ. 45 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್ಪಿನಲ್ಲಿ 32 ಬಿಟ್‌ನ ಎರಡು ಪೂರ್ಣಸಂಖ್ಯೆ ಕೂಡಿಸಲು ಸುಮಾರು 0.1 ಪಿಕೋಜೂಲ್ ಶಕ್ತಿ ಸಾಕು. ಅಷ್ಟೇ ಬಿಟ್‌ಗಳನ್ನು ಚಿಪ್ಪಿನ ಹೊರಗಿರುವ ಡಿರ್‍ಯಾಮ್ ಮೆಮೊರಿಯಿಂದ ಓದಲು ಸುಮಾರು 640 ಪಿಕೋಜೂಲ್ ಬೇಕು. ಅಂದರೆ ಒಂದು ಸಂಖ್ಯೆ ತರುವ ಖರ್ಚಿನಲ್ಲಿ ಆರು ಸಾವಿರಕ್ಕೂ ಜಾಸ್ತಿ ಸಲ ಕೂಡಿಸಬಹುದು. ತಂತ್ರಜ್ಞಾನ ಬದಲಾದಂತೆ ಅಂಕಿಗಳು ಬದಲಾಗುತ್ತವೆ, ಅಂತರ ಮಾತ್ರ ಹಾಗೇ ಉಳಿದಿದೆ. ಕೆಳಗಿನ ಅರ್ಧದಷ್ಟು ಉತ್ತರಗಳು ಈ ಒಂದು ಲೆಕ್ಕದಿಂದಲೇ ಹುಟ್ಟಿದವು.

ನೈಕ್ವಿಸ್ಟ್ ನಿಯಮ ಮುರಿದುಬಿತ್ತು ಅಂತಾರಲ್ಲ, ನಿಜಾನಾ?

ಇಲ್ಲ. ನಿಯಮ ಇದ್ದಲ್ಲೇ ಇದೆ. ಸಿಗ್ನಲ್ಲಿನ ಬಗ್ಗೆ, ಅದರಲ್ಲಿನ ಅತಿ ಹೆಚ್ಚಿನ ಆವರ್ತನ ಅಂದರೆ ಅದರ ಬ್ಯಾಂಡ್‌ವಿಡ್ತ್ ಬಿಟ್ಟು ಬೇರೇನೂ ಗೊತ್ತಿಲ್ಲ ಅಂದರೆ, ಅದರ ಎರಡರಷ್ಟಕ್ಕಿಂತ ಹೆಚ್ಚು ವೇಗದಲ್ಲಿ ಸ್ಯಾಂಪಲ್ ತೆಗೆಯಲೇಬೇಕು. ಮನುಷ್ಯರ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ. ಅದಕ್ಕೇ ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್.

ಬ್ಯಾಂಡ್‌ವಿಡ್ತ್‌ಗಿಂತ ಜಾಸ್ತಿ ಏನಾದರೂ ಗೊತ್ತಿದ್ದರೆ ಮಾತು ಬೇರೆ. ಒಂದು ಫೋಟೋವನ್ನು ಬೇರೆ ಬೇರೆ ಗಾತ್ರದ ಪುಟ್ಟ ಅಲೆಗಳ ಮೊತ್ತವಾಗಿ ಬರೆದರೆ, ಅಂದರೆ ವೇವ್‌ಲೆಟ್ ರೂಪಕ್ಕೆ ತಂದರೆ ಬಹುತೇಕ ಸಂಖ್ಯೆಗಳು ಸೊನ್ನೆಯ ಹತ್ತಿರ ಇರುತ್ತವೆ. ಹೇಗೂ ಅವನ್ನು ಎಸೆಯುವುದಾದರೆ ಮೊದಲೇ ಯಾಕೆ ಅಷ್ಟೊಂದು ಅಳೆಯಬೇಕು? ಕ್ಯಾಂಡೆಸ್, ರೋಂಬರ್ಗ್, ಟಾವೊ ಮತ್ತು ಪ್ರತ್ಯೇಕವಾಗಿ ಡೊನೊಹೊ 2006ರಲ್ಲಿ ಇದಕ್ಕೆ ಗಣಿತದ ಉತ್ತರ ಕೊಟ್ಟರು. ಅದೇ ಕಂಪ್ರೆಸ್ಡ್ ಸೆನ್ಸಿಂಗ್.

ಇದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ನೋಡಿ. ಯಾವುದಾದರೂ ಕಪ್ಪು-ಬಿಳುಪು ಚಿತ್ರಕ್ಕೆ, ಅದನ್ನು ಅಲೆಗಳಾಗಿ ಬಿಡಿಸುವ ಎರಡು ಆಯಾಮದ ಫೂರಿಯೆ ಟ್ರಾನ್ಸ್‌ಫಾರ್ಮ್ ಮಾಡಿ. ಒಂದು ಬಿಟ್ಟು ಒಂದು ಸಾಲನ್ನು ಸೊನ್ನೆ ಮಾಡಿ, ಚಿತ್ರಕ್ಕೆ ವಾಪಸ್ ಬನ್ನಿ. ಚಿತ್ರದ ಮೇಲೆ ಅದರದೇ ನಕಲು ಅರ್ಧ ಎತ್ತರ ಜಾರಿ ಕೂತಿರುತ್ತದೆ. ಎರಡೂ ಅಷ್ಟೇ ಗಾಢ. ಯಾವುದು ಅಸಲು ಯಾವುದು ನಕಲು ಅಂತ ಹೇಳಲು ದಾರಿಯೇ ಇಲ್ಲ. ಈಗ ಅಷ್ಟೇ ಸಂಖ್ಯೆಯ ಸಾಲುಗಳನ್ನು ಹೇಗೆಂದರೆ ಹಾಗೆ ಆರಿಸಿ ಸೊನ್ನೆ ಮಾಡಿ. ನಡುವಿನ (ಕಡಿಮೆ ಆವರ್ತನದ) ಒಂದಷ್ಟು ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಈ ಸಲ ನಕಲು ಕಾಣುವುದಿಲ್ಲ. ಬದಲಿಗೆ ಚಿತ್ರದ ಉದ್ದಕ್ಕೂ ತೆಳ್ಳಗೆ ಹರಡಿದ ಗದ್ದಲ ಕಾಣುತ್ತದೆ. ಗದ್ದಲವನ್ನು ತೆಗೆಯಲು ದಾರಿ ಇದೆ. ವೇವ್‌ಲೆಟ್ ರೂಪಕ್ಕೆ ಹೋಗಿ, ಚಿಕ್ಕ ಸಂಖ್ಯೆಗಳನ್ನು ಅಳಿಸಿ, ವಾಪಸ್ ಬಂದು, ಅಳೆದಿದ್ದ ಸಾಲುಗಳನ್ನು ಇದ್ದ ಹಾಗೇ ಮತ್ತೆ ಕೂರಿಸಿ. ಹೀಗೇ ಸುತ್ತು ಹಾಕುತ್ತಾ ಹೋದರೆ ಚಿತ್ರ ಮೇಲೆದ್ದು ಬರುತ್ತದೆ. ಎರಡೂ ಸಲ ಅಳತೆ ಒಂದೇ ಪ್ರಮಾಣದ್ದು, ಆರಿಸಿದ ರೀತಿ ಮಾತ್ರ ಬೇರೆ. ಅಳತೆಯ ವಿನ್ಯಾಸವೂ ಸಂಶೋಧನೆಯ ವಿಷಯ ಯಾಕೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಎಂಆರ್‌ಐ ಯಂತ್ರ ಅಳೆಯುವುದು ಇಂಥ ಸಾಲುಗಳನ್ನೇ, ಒಂದಾದ ಮೇಲೆ ಒಂದು. ಅದಕ್ಕೇ ರೋಗಿ ಅಷ್ಟು ಹೊತ್ತು ಅಲುಗಾಡದೆ ಮಲಗಬೇಕು. ಲಸ್ಟಿಗ್, ಡೊನೊಹೊ, ಪಾಲಿ 2007ರಲ್ಲಿ ಈ ವಿದ್ಯೆಯನ್ನು ಎಂಆರ್‌ಐಗೆ ತಂದರು. ಹತ್ತು ವರ್ಷದಲ್ಲಿ ಅದು ಆಸ್ಪತ್ರೆಯ ಯಂತ್ರಗಳೊಳಗೆ ಸೇರಿತು.

ಅಳತೆಯನ್ನೇ ಬದಲಿಸುವ ಬೇರೆ ಐಡಿಯಾಗಳು ಇವೆಯಾ?

ಇವೆ. ನನಗೆ ತುಂಬ ಇಷ್ಟವಾದದ್ದು ಮಾಡ್ಯುಲೋ ಸ್ಯಾಂಪ್ಲಿಂಗ್. ಸಿಗ್ನಲ್ ಜೋರಾದರೆ, ಅದನ್ನು ಸಂಖ್ಯೆಯಾಗಿಸುವ ಎಡಿಸಿ ಸರ್ಕ್ಯೂಟ್ ತನ್ನ ಮಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಮೇಲಿನ ಭಾಗ ಕತ್ತರಿಸಿಹೋಗುತ್ತದೆ. ಭಂಡಾರಿ, ಕ್ರಾಮರ್, ರಾಸ್ಕರ್ 2017ರಲ್ಲಿ ಬೇರೆ ದಾರಿ ತೋರಿಸಿದರು. ಮಿತಿ ದಾಟಿದ ತಕ್ಷಣ ಸಿಗ್ನಲನ್ನು ಮಡಚಿ ಮತ್ತೆ ಕೆಳಗಿನಿಂದ ಶುರು ಮಾಡುವುದು, ಸಾಕಷ್ಟು ವೇಗವಾಗಿ ಸ್ಯಾಂಪಲ್ ತೆಗೆದು ಆಮೇಲೆ ಗಣಿತದಿಂದ ಬಿಚ್ಚುವುದು. ಬಿಚ್ಚಬಹುದು ಅನ್ನುವುದಕ್ಕೆ ಪ್ರಮೇಯವೂ ಇದೆ. ಗದ್ದಲದ ನಡುವೆ ನೆಚ್ಚಿಕೊಳ್ಳುವ ಹಾಗೆ ಮಡಚುವ ಸರ್ಕ್ಯೂಟ್ ಕಟ್ಟುವ ಕೆಲಸ ಇನ್ನೂ ಬಾಕಿ ಇದೆ.

ಡೀಪ್ ಲರ್ನಿಂಗ್ ಬಂದ ಮೇಲೆ ಹಳೆಯ ಸಿಗ್ನಲ್ ಪ್ರೊಸೆಸಿಂಗ್ ಓದುವುದು ವ್ಯರ್ಥವಾ?

ಖಂಡಿತ ಅಲ್ಲ. ಇಮೇಜಿಂಗ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವ, ಡೇಟಾದಿಂದ ಕಲಿತ ನೆಟ್‌ವರ್ಕ್‌ಗಳನ್ನು ಬಿಚ್ಚಿ ನೋಡಿದರೆ ಒಳಗೆ ಹಳೆಯ ಅಲ್ಗಾರಿದಮ್‌ಗಳೇ ಕಾಣುತ್ತವೆ. ಮೇಲೆ ಹೇಳಿದ, ಚಿಕ್ಕ ಸಂಖ್ಯೆ ಅಳಿಸುತ್ತಾ ಸುತ್ತು ಹಾಕುವ ವಿಧಾನವನ್ನೇ ತೆಗೆದುಕೊಳ್ಳಿ. ಒಂದೊಂದು ಸುತ್ತನ್ನೂ ನೆಟ್‌ವರ್ಕ್‌ನ ಒಂದೊಂದು ಪದರ ಮಾಡಿ, ಎಷ್ಟು ಅಳಿಸಬೇಕು ಅನ್ನುವುದನ್ನು ಡೇಟಾದಿಂದ ಕಲಿಸಬಹುದು ಅಂತ ಗ್ರೆಗೊರ್ ಮತ್ತು ಲೆಕುನ್ 2010ರಲ್ಲಿ ತೋರಿಸಿದರು. ಸುತ್ತುಗಳು ನೂರಾರು ಇದ್ದದ್ದು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ. ಇದಕ್ಕೆ ಅನ್‌ರೋಲಿಂಗ್ ಅನ್ನುತ್ತಾರೆ.

ಇನ್ನೊಂದು ಉದಾಹರಣೆ 2018ರ ನಾಯ್ಸ್-ಟು-ನಾಯ್ಸ್. ಗದ್ದಲ ತೆಗೆಯಲು ನೆಟ್‌ವರ್ಕ್‌ಗೆ ಕಲಿಸಬೇಕಾದರೆ ಶುದ್ಧ ಚಿತ್ರ ಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಒಂದೇ ದೃಶ್ಯದ, ಗದ್ದಲ ಇರುವ ಎರಡು ಚಿತ್ರಗಳಿದ್ದರೂ ಸಾಕು ಅಂತ ಆಮೇಲೆ ಗೊತ್ತಾಯಿತು. ಎರಡರಲ್ಲೂ ಗದ್ದಲ ಬೇರೆ ಬೇರೆ, ಸರಾಸರಿ ಸೊನ್ನೆ. ಹಾಗಾಗಿ ನೆಟ್‌ವರ್ಕ್ ಒಂದರಿಂದ ಇನ್ನೊಂದನ್ನು ಊಹಿಸಲು ಹೋಗಿ ಶುದ್ಧ ಚಿತ್ರವನ್ನೇ ಕಲಿಯುತ್ತದೆ. ಇದು ಹೊಳೆಯಬೇಕಾದರೆ ಸಂಭವನೀಯತೆಯ ಮೂಲ ಪಾಠ ಗಟ್ಟಿ ಇರಬೇಕು ಅಲ್ವಾ?

ಎಐ ಕೊಡುವ ಚಿತ್ರ ಅಷ್ಟು ಸ್ಪಷ್ಟವಾಗಿರುತ್ತದೆ. ಇನ್ನೇನು ಸಮಸ್ಯೆ?

ಆ ಸ್ಪಷ್ಟತೆಯೇ ಸಮಸ್ಯೆ. ಹಳೆಯ ವಿಧಾನ ಸೋತರೆ ಗೊತ್ತಾಗುತ್ತಿತ್ತು. ಚಿತ್ರ ಮಸುಕಾಗುತ್ತಿತ್ತು, ಗೆರೆ ಬೀಳುತ್ತಿತ್ತು. ವೈದ್ಯರು ನೋಡಿದ ಕೂಡಲೇ ಇದು ಸರಿಯಿಲ್ಲ ಅನ್ನುತ್ತಿದ್ದರು. ಕಲಿತ ಮಾದರಿ ಸೋತಾಗಲೂ ಚಿತ್ರ ನೀಟಾಗಿಯೇ ಇರುತ್ತದೆ. ಇಲ್ಲದ ರಕ್ತನಾಳ ಇದ್ದಂತೆ ಕಾಣಬಹುದು. ಇರುವ ಸಣ್ಣ ಗಡ್ಡೆ ಮಾಯವಾಗಬಹುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಕಣ್ಣಿಗೇ ಕಾಣದಷ್ಟು ಚಿಕ್ಕ ಬದಲಾವಣೆ ಮಾಡಿದರೂ ಕೆಲವು ನೆಟ್‌ವರ್ಕ್‌ಗಳ ಚಿತ್ರ ಕೆಟ್ಟುಹೋಗುತ್ತದೆ ಅಂತ ಆಂಟುನ್ ಮತ್ತು ಜೊತೆಗಾರರು 2020ರಲ್ಲಿ ತೋರಿಸಿದರು. ಫಾಸ್ಟ್‌ಎಂಆರ್‌ಐ ಅನ್ನುವ ದೊಡ್ಡ ಸಾರ್ವಜನಿಕ ಡೇಟಾಸೆಟ್ ಇದೆ. ಅದನ್ನು ಬಳಸಿ ನಡೆದ 2020ರ ಸ್ಪರ್ಧೆಯ ವರದಿಯಲ್ಲೂ, ಮೆದುಳಿನ ಚಿತ್ರಗಳಲ್ಲಿ ಇಲ್ಲದ ರಚನೆಗಳು ಹುಟ್ಟಿಕೊಂಡದ್ದು ದಾಖಲಾಗಿದೆ. ಚಿತ್ರದ ಗುಣಮಟ್ಟ ಅಳೆಯಲು ನಾವು ಬಳಸುವ ಅಂಕಗಳೂ ಇದನ್ನು ಹಿಡಿಯುವುದಿಲ್ಲ. ಪಿಎಸ್‌ಎನ್‌ಆರ್ ಇಡೀ ಚಿತ್ರದ ತಪ್ಪಿನ ಸರಾಸರಿಯಿಂದ ಬರುವ ಅಂಕ. ನಾಲ್ಕಾರು ಪಿಕ್ಸೆಲ್ ಅಗಲದ ಗಡ್ಡೆ ಕಾಣೆಯಾದರೆ ಆ ಸರಾಸರಿ ಅಲುಗುವುದೂ ಇಲ್ಲ. ಆದರೆ ಸ್ಕ್ಯಾನ್ ಮಾಡಿಸಿದ್ದೇ ಆ ನಾಲ್ಕಾರು ಪಿಕ್ಸೆಲ್‌ಗಾಗಿ.

ಹಾಗಾದರೆ ಏನು ಮಾಡಬೇಕು? ಪ್ರತಿ ಪಿಕ್ಸೆಲ್‌ಗೂ ಎಷ್ಟು ಅನುಮಾನ ಇದೆ ಅಂತ ಹೇಳುವ ನಕ್ಷೆ ಕೊಡುವುದು ಒಂದು ದಾರಿ. ಬಂದ ಚಿತ್ರವನ್ನು ಮತ್ತೆ ಅಳತೆಯ ಮಾದರಿಗೆ ಹಾಕಿ, ನಿಜವಾದ ಅಳತೆಯ ಜೊತೆ ತಾಳೆಯಾಗುತ್ತದಾ ಅಂತ ನೋಡುವುದು ಇನ್ನೊಂದು. ಆದರೆ ತಾಳೆಯಾದರೂ ಸಾಲದು. ಅಳತೆಗೆ ಎಟುಕದ ಭಾಗ ಯಾವಾಗಲೂ ಉಳಿಯುತ್ತದೆ. ಅಲ್ಲಿ ಏನೇ ಬರೆದರೂ ತಾಳೆಯಾಗುತ್ತದೆ. ಚಿತ್ರದಲ್ಲಿ ಎಷ್ಟು ಅಳತೆಯಿಂದ ಬಂದದ್ದು, ಎಷ್ಟು ಊಹೆಯಿಂದ ಬಂದದ್ದು ಅಂತ ಬೇರೆ ಮಾಡಿ ತೋರಿಸಬೇಕು. ನನ್ನ ಮಟ್ಟಿಗೆ ಇವತ್ತು ಇಮೇಜಿಂಗ್‌ನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಹೀಗೆ ಎಚ್ಚರ ವಹಿಸಿದವರ ಉದಾಹರಣೆ ಬೇಕಾದರೆ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡವನ್ನು ನೋಡಿ. ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರವನ್ನು ಅವರು 2019ರ ಏಪ್ರಿಲ್ 10ರಂದು ಬಿಡುಗಡೆ ಮಾಡಿದರು. ಭೂಮಿಯ ಬೇರೆ ಬೇರೆ ಕಡೆಯ ರೇಡಿಯೊ ಟೆಲಿಸ್ಕೋಪ್‌ಗಳು 2017ರಲ್ಲಿ ಅಳೆದದ್ದು ಅದು. ಡೇಟಾ ಎಷ್ಟಿತ್ತೆಂದರೆ ಇಂಟರ್ನೆಟ್ಟಿನಲ್ಲಿ ಕಳಿಸಲಾಗದೆ ಹಾರ್ಡ್ ಡಿಸ್ಕ್‌ಗಳನ್ನು ವಿಮಾನದಲ್ಲಿ ತರಿಸಿದರು. ಅಷ್ಟಾದರೂ ಪೂರ್ತಿ ಚಿತ್ರಕ್ಕೆ ಬೇಕಾದ ಅಳತೆಯಲ್ಲಿ ಸಿಕ್ಕಿದ್ದು ಒಂದು ಸಣ್ಣ ಪಾಲು. ಉಳಿದದ್ದಕ್ಕೆ ಊಹೆ ಬೇಕೇ ಬೇಕು. ಹಾಗಾಗಿ ನಾಲ್ಕು ಗುಂಪು ಮಾಡಿ, ಒಬ್ಬರಿಗೊಬ್ಬರು ತೋರಿಸದೆ ಚಿತ್ರ ಕಟ್ಟಿದರು. ನಾಲ್ವರಿಗೂ ಬಂದದ್ದು ಕೆಳಭಾಗ ಹೆಚ್ಚು ಬೆಳಗುವ ಉಂಗುರ. ಆಮೇಲಷ್ಟೇ ಮುಂದುವರಿದರು.

ಕ್ಯಾಮೆರಾ ಸೆನ್ಸರ್‌ನಲ್ಲಿ ಮಾಡುವುದು ಇನ್ನೂ ಬಾಕಿ ಇದೆಯಾ?

ಬೇಕಾದಷ್ಟಿದೆ. ಮಾಮೂಲಿ ಕ್ಯಾಮೆರಾ ಸೆಕೆಂಡಿಗೆ ಮೂವತ್ತೋ ಅರವತ್ತೋ ಸಲ ಎಲ್ಲಾ ಪಿಕ್ಸೆಲ್‌ಗಳನ್ನೂ ಓದುತ್ತದೆ, ಏನೂ ಬದಲಾಗದಿದ್ದರೂ ಓದುತ್ತದೆ. ಈವೆಂಟ್ ಕ್ಯಾಮೆರಾದಲ್ಲಿ ಹಾಗಿಲ್ಲ. ಬೆಳಕು ಬದಲಾದ ಪಿಕ್ಸೆಲ್ ಮಾತ್ರ, ಬದಲಾದ ಕ್ಷಣದಲ್ಲೇ ಸುದ್ದಿ ಕಳಿಸುತ್ತದೆ. ಜ್ಯೂರಿಚ್‌ನಲ್ಲಿ ಲಿಕ್ಟ್‌ಸ್ಟೈನರ್, ಪೋಶ್, ಡೆಲ್‌ಬ್ರೂಕ್ 2008ರಲ್ಲಿ ಪ್ರಕಟಿಸಿದ ಇಂಥ ಸೆನ್ಸರ್‌ನಲ್ಲಿ 128×128 ಪಿಕ್ಸೆಲ್ ಮಾತ್ರ ಇತ್ತು. ಆದರೆ 120 ಡೆಸಿಬೆಲ್ ಡೈನಾಮಿಕ್ ರೇಂಜ್ (ಒಟ್ಟಿಗೆ ಹಿಡಿಯಬಲ್ಲ ಕತ್ತಲೆ-ಬೆಳಕಿನ ಅಂತರ), ಮೈಕ್ರೋಸೆಕೆಂಡ್‌ಗಳ ಲೆಕ್ಕದ ಚುರುಕು. ಫ್ರೇಮ್ ಅನ್ನುವುದೇ ಇಲ್ಲದ ಈ ಡೇಟಾಗೆ ಒಗ್ಗುವ ಅಲ್ಗಾರಿದಮ್‌ಗಳಿಗೆ ಈಗಲೂ ಹುಡುಕಾಟ ನಡೆದಿದೆ.

ಇನ್ನೊಂದು ಸ್ಪ್ಯಾಡ್, ಅಂದರೆ ಒಂದೇ ಒಂದು ಫೋಟಾನ್ ಬಿದ್ದರೂ ಹಿಡಿಯುವ ಡಯೋಡ್. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಹೋಗಿ ಬರುವ ದಾರಿ ಲೆಕ್ಕಕ್ಕೆ ಹಿಡಿದರೆ, ಒಂದು ಸೆಂಟಿಮೀಟರ್ ಆಳ ಗುರುತಿಸಲು ಸುಮಾರು 67 ಪಿಕೋಸೆಕೆಂಡ್ ಅಳೆಯಬೇಕು. ಅಷ್ಟು ಸೂಕ್ಷ್ಮವಾದ ಟೈಮರ್ ಸರ್ಕ್ಯೂಟನ್ನು ಪಿಕ್ಸೆಲ್‌ನ ಪಕ್ಕದಲ್ಲೇ ಕೂರಿಸುತ್ತಾರೆ. ಗೋಡೆಗೆ ಬಡಿದು ಚದುರಿ ಬಂದ ಬೆಳಕಿನ ಸಮಯ ಅಳೆದು, ಮೂಲೆಯ ಆಚೆ ಅಡಗಿದ ವಸ್ತುವಿನ ಆಕಾರ ಕಟ್ಟಬಹುದು ಅಂತ ಎಂಐಟಿಯ ತಂಡ 2012ರಲ್ಲಿ ಅತಿ ವೇಗದ ಸ್ಟ್ರೀಕ್ ಕ್ಯಾಮೆರಾದಿಂದ ತೋರಿಸಿತ್ತು. ಈಗ ಆ ಕೆಲಸ ಸ್ಪ್ಯಾಡ್‌ನಿಂದಲೂ ಆಗುತ್ತಿದೆ.

ವೈದ್ಯಕೀಯ ಯಂತ್ರಗಳಲ್ಲಿ ಏನು ಹೊಸದು?

ಎರಡು ಹೇಳುತ್ತೇನೆ. ಮೊದಲನೆಯದು ಫೋಟಾನ್ ಎಣಿಸುವ ಸಿಟಿ. ಮಾಮೂಲಿ ಸಿಟಿ ಸ್ಕ್ಯಾನರ್‌ನಲ್ಲಿ ಎಕ್ಸ್‌ರೇ ಮೊದಲು ಬೆಳಕಾಗುತ್ತದೆ, ಆ ಬೆಳಕು ಕರೆಂಟಾಗುತ್ತದೆ, ಒಟ್ಟು ಮೊತ್ತ ಮಾತ್ರ ಅಳತೆಗೆ ಸಿಗುತ್ತದೆ. ಹೊಸ ವಿಧಾನದಲ್ಲಿ ಕ್ಯಾಡ್ಮಿಯಮ್ ಟೆಲ್ಯುರೈಡ್‌ನಂಥ ಅರೆವಾಹಕ ಎಕ್ಸ್‌ರೇ ಫೋಟಾನನ್ನು ನೇರವಾಗಿ ಕರೆಂಟಿನ ಮಿಡಿತವಾಗಿ ಬದಲಿಸುತ್ತದೆ. ಪ್ರತಿ ಪಿಕ್ಸೆಲ್‌ನ ಕೆಳಗೆ ಒಂದು ಆಂಪ್ಲಿಫೈಯರ್, ಮಿಡಿತದ ಎತ್ತರವನ್ನು ಮಿತಿಗೆ ಹೋಲಿಸುವ ಕೆಲವು ಕಂಪೇರೇಟರ್, ಕೆಲವು ಕೌಂಟರ್. ಮಿಡಿತ ಎಷ್ಟು ಎತ್ತರ ಎದ್ದಿತು ಅನ್ನುವುದರ ಮೇಲೆ ಫೋಟಾನ್‌ನ ಶಕ್ತಿ ತಿಳಿಯುತ್ತದೆ, ಅದರಿಂದ ಮೂಳೆ ಯಾವುದು, ರಕ್ತಕ್ಕೆ ಕೊಟ್ಟ ಅಯೋಡಿನ್ ಯಾವುದು ಅಂತ ಬೇರೆ ಮಾಡಬಹುದು. ಎರಡು ಫೋಟಾನ್ ಒಟ್ಟಿಗೆ ಬಿದ್ದರೆ ಒಂದೇ ದೊಡ್ಡ ಮಿಡಿತವಾಗಿ ಕಾಣುತ್ತದೆ. ಒಂದು ಫೋಟಾನ್‌ನ ಚಾರ್ಜ್ ಪಕ್ಕದ ಪಿಕ್ಸೆಲ್‌ಗೂ ಹಂಚಿಹೋದರೆ ಎರಡು ಚಿಕ್ಕ ಮಿಡಿತ ಸಿಗುತ್ತವೆ. ಪಿಕ್ಸೆಲ್ ಚಿಕ್ಕದು ಮಾಡಿದರೆ ಮೊದಲನೆಯ ತೊಂದರೆ ಕಡಿಮೆ, ಎರಡನೆಯದು ಜಾಸ್ತಿ. ಸರ್ಕ್ಯೂಟೂ ಅಲ್ಗಾರಿದಮ್ಮೂ ಒಟ್ಟಿಗೆ ಕೂತು ಬಗೆಹರಿಸಬೇಕಾದದ್ದು ಇದು. ಇಂಥ ಮೊದಲ ಯಂತ್ರಕ್ಕೆ ಅಮೆರಿಕದ ಔಷಧ-ಸಾಧನ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ.

ಎರಡನೆಯದು ಕಡಿಮೆ ಶಕ್ತಿಯ ಅಯಸ್ಕಾಂತದ ಎಂಆರ್‌ಐ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಅಯಸ್ಕಾಂತ ಇರುತ್ತದೆ. ರೋಗಿಯ ಹಾಸಿಗೆಯ ಬಳಿಗೇ ತಳ್ಳಿಕೊಂಡು ಹೋಗಬಹುದಾದ, 0.064 ಟೆಸ್ಲಾದ ಯಂತ್ರ 2020ರಿಂದ ಬಳಕೆಯಲ್ಲಿದೆ. ಸಿಗ್ನಲ್ ತುಂಬ ಕ್ಷೀಣ. ಸುತ್ತಲಿನ ವಿದ್ಯುತ್ ಗದ್ದಲವನ್ನು ಬೇರೆ ಕಾಯಿಲ್‌ಗಳಿಂದ ಅಳೆದು ಕಳೆಯುವುದು, ಉಳಿದದ್ದರಿಂದ ಚಿತ್ರ ಕಟ್ಟುವುದು ಪೂರ್ತಿ ಸಿಗ್ನಲ್ ಪ್ರೊಸೆಸಿಂಗ್ ಕೆಲಸ. ದೊಡ್ಡ ಯಂತ್ರ ತಲುಪದ ಜಾಗಕ್ಕೆ ಇದು ತಲುಪುತ್ತದೆ, ಅದಕ್ಕೇ ಇದರ ಮೇಲೆ ನನಗೆ ಬಹಳ ಭರವಸೆ.

ಬೆರಳಿಗೆ ಹಾಕುವ ಆಕ್ಸಿಮೀಟರ್‌ನಂಥ ಸರಳ ಸಾಧನದಲ್ಲಿ ಸಂಶೋಧನೆ ಏನಿದೆ?

ಇದೆ, ತುರ್ತಾಗಿ ಆಗಬೇಕಾದದ್ದೇ ಇದೆ. ಅದು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ರಕ್ತದಲ್ಲಿ ಎಷ್ಟು ಹೀರಿಕೊಂಡಿತು ಅಂತ ಹೋಲಿಸಿ ಆಮ್ಲಜನಕ ಲೆಕ್ಕ ಹಾಕುತ್ತದೆ. ಚರ್ಮದ ಬಣ್ಣವೂ ಬೆಳಕು ಹೀರುತ್ತದೆ. ಅಮೆರಿಕದ ಆಸ್ಪತ್ರೆಗಳ ಡೇಟಾ ಇಟ್ಟುಕೊಂಡು 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಮ್ಲಜನಕ ಕಡಿಮೆ ಇದ್ದರೂ ಸಾಧನ ಸರಿ ಇದೆ ಅಂತ ತೋರಿಸಿದ ಪ್ರಮಾಣ ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರರಷ್ಟಿತ್ತು. ಯಾರ ಬೆರಳುಗಳ ಮೇಲೆ ಕ್ಯಾಲಿಬ್ರೇಟ್ ಮಾಡಿದರು ಅನ್ನುವುದು ಎಂಜಿನಿಯರಿಂಗ್ ಪ್ರಶ್ನೆಯೇ.

ಟ್ರಾನ್ಸಿಸ್ಟರ್ ಚಿಕ್ಕದಾಗುವುದು ನಿಂತುಹೋಯಿತಾ?

ನಿಂತಿಲ್ಲ, ನಿಧಾನವಾಗಿದೆ. ನಿಂತದ್ದು ಬೇರೆಯದು. ಚಿಕ್ಕದು ಮಾಡಿದಷ್ಟೂ ವೋಲ್ಟೇಜನ್ನೂ ಇಳಿಸಬಹುದು, ಹಾಗಾಗಿ ಬಿಸಿ ಹೆಚ್ಚುವುದಿಲ್ಲ ಅಂತ ಡೆನಾರ್ಡ್ 1974ರಲ್ಲಿ ತೋರಿಸಿದ್ದರು. ಆ ಅನುಕೂಲ 2005ರ ಆಸುಪಾಸಿಗೆ ಮುಗಿಯಿತು. ಕೋಣೆಯ ತಾಪಮಾನದಲ್ಲಿ ಮಾಮೂಲಿ ಟ್ರಾನ್ಸಿಸ್ಟರ್‌ನ ಕರೆಂಟನ್ನು ಹತ್ತು ಪಟ್ಟು ತಗ್ಗಿಸಲು ಕನಿಷ್ಠ 60 ಮಿಲಿವೋಲ್ಟ್ ಬೇಕು. ಇದು ಭೌತಶಾಸ್ತ್ರದ ಮಿತಿ. ವೋಲ್ಟೇಜ್ ತುಂಬ ಇಳಿಸಿದರೆ ಸ್ವಿಚ್ ಪೂರ್ತಿ ಆಫ್ ಆಗುವುದೇ ಇಲ್ಲ.

ಈಗಿನ ಹಾದಿ, ಕರೆಂಟನ್ನು ಹಿಡಿತದಲ್ಲಿಡುವ ಗೇಟ್ ಸುತ್ತಲೂ ಆವರಿಸಿದ ನ್ಯಾನೋಶೀಟ್ ಟ್ರಾನ್ಸಿಸ್ಟರ್‌ಗಳು ಮತ್ತು ಒಂದು ದೊಡ್ಡ ಚಿಪ್ಪಿನ ಬದಲು ಹಲವು ಚಿಕ್ಕ ಚಿಪ್‌ಲೆಟ್‌ಗಳ ಜೋಡಣೆ. ಅಂದಹಾಗೆ, 3 ನ್ಯಾನೋಮೀಟರ್ ಅನ್ನುವುದು ಈಗ ತಲೆಮಾರಿನ ಹೆಸರು ಅಷ್ಟೇ. ಚಿಪ್ಪಿನಲ್ಲಿ ಅಷ್ಟು ಉದ್ದದ ಗೇಟ್ ಹುಡುಕಲು ಹೋಗಬೇಡಿ.

ಎಲ್ಲವೂ ಡಿಜಿಟಲ್ ಆದ ಮೇಲೆ ಅನಲಾಗ್ ಓದಬೇಕಾ?

ಓದಬೇಕು. ಹೊರಗಿನ ಪ್ರಪಂಚ ಅನಲಾಗ್ ಆಗಿಯೇ ಇದೆ. ಮೆದುಳಿನ ಇಇಜಿ ಸಿಗ್ನಲ್ ಹತ್ತಾರು ಮೈಕ್ರೋವೋಲ್ಟ್. ಅದನ್ನು ಹಾಳಾಗದಂತೆ ಎಡಿಸಿವರೆಗೆ ತಲುಪಿಸುವುದು ಅನಲಾಗ್ ಕೆಲಸ. ಎಡಿಸಿಯ ಲೆಕ್ಕವೂ ಕಠಿಣ. ಬಿಸಿಯಿಂದ ಹುಟ್ಟುವ ಗದ್ದಲವೇ ಮಿತಿಯಾದಾಗ, ಒಂದೊಂದು ಬಿಟ್ ಹೆಚ್ಚಿಸಲೂ ಸುಮಾರು ನಾಲ್ಕು ಪಟ್ಟು ಶಕ್ತಿ ಬೇಕು. ಬೇಡದ ಬಿಟ್ ಅಳೆಯಬಾರದು ಅನ್ನುವ ಮಾತು ಇಲ್ಲಿ ಬ್ಯಾಟರಿಯ ಲೆಕ್ಕವಾಗಿ ಬರುತ್ತದೆ.

ಮೆಮೊರಿಯೊಳಗೇ ಲೆಕ್ಕ ಮಾಡುವ ಸಂಶೋಧನೆಯೂ ಅನಲಾಗನ್ನು ಮತ್ತೆ ಮುಂದೆ ತಂದಿದೆ. ಅಡ್ಡ ತಂತಿ, ಉದ್ದ ತಂತಿ ಹಾಕಿ, ಸೇರುವ ಜಾಗದಲ್ಲೆಲ್ಲ ಒಂದು ರೆಸಿಸ್ಟರ್ ಇಡಿ, ಅದರ ಬೆಲೆಯೇ ಉಳಿಸಿಟ್ಟ ಸಂಖ್ಯೆ. ಅಡ್ಡ ತಂತಿಗಳಿಗೆ ವೋಲ್ಟೇಜ್ ಕೊಡಿ. ಓಮ್‌ನ ನಿಯಮದಿಂದ ಒಂದೊಂದು ಜಾಗದಲ್ಲೂ ಗುಣಾಕಾರ ಆಗುತ್ತದೆ. ಕಾಲುವೆಗಳು ಹೊಳೆಗೆ ಸೇರಿದಂತೆ ಉದ್ದ ತಂತಿಯಲ್ಲಿ ಕರೆಂಟುಗಳು ಸೇರಿಕೊಂಡು ಕೂಡಿಕೆಯೂ ಮುಗಿಯುತ್ತದೆ. ಸಂಖ್ಯೆಗಳನ್ನು ಎಲ್ಲಿಂದಲೂ ಹೊತ್ತು ತರಬೇಕಾಗಿಲ್ಲ. ತೊಡಕು ಬರುವುದು ತುದಿಯಲ್ಲಿ. ಆ ಕರೆಂಟನ್ನು ಮತ್ತೆ ಸಂಖ್ಯೆ ಮಾಡಲು ಎಡಿಸಿ ಬೇಕು, ಉಳಿಸಿದ ಶಕ್ತಿಯ ದೊಡ್ಡ ಪಾಲನ್ನು ಅದೇ ತಿಂದುಬಿಡಬಹುದು. ರೆಸಿಸ್ಟರ್‌ನ ಬೆಲೆಯೂ ದಿನ ಕಳೆದಂತೆ ಜಾರುತ್ತದೆ. ಈ ವಿಷಯದ ಯಾವ ಪೇಪರ್ ಓದಿದರೂ ಎಡಿಸಿಯ ಖರ್ಚು ಲೆಕ್ಕದಲ್ಲಿ ಸೇರಿದೆಯಾ ಅಂತ ಮೊದಲು ನೋಡಿ.

ಚಿಪ್ ವಿನ್ಯಾಸವನ್ನೂ ಎಐ ಮಾಡಿಬಿಡುತ್ತದಾ?

ಕೆಲವು ಹಂತಗಳಲ್ಲಿ ನೆರವಾಗುತ್ತಿದೆ. ಗೂಗಲ್‌ನ ಸಂಶೋಧಕರು ಚಿಪ್ಪಿನ ಬ್ಲಾಕ್‌ಗಳನ್ನು ಜೋಡಿಸಲು, ತಪ್ಪು-ಸರಿ ನೋಡಿ ಕಲಿಯುವ ರಿಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಬಳಸಿದ ಕೆಲಸವನ್ನು 2021ರಲ್ಲಿ ಪ್ರಕಟಿಸಿದರು. ಹಳೆಯ ವಿಧಾನಗಳ ಜೊತೆಗಿನ ಹೋಲಿಕೆ ಸರಿಯಾಗಿತ್ತಾ ಅನ್ನುವುದರ ಮೇಲೆ ಆಮೇಲೆ ದೊಡ್ಡ ವಾದವೇ ನಡೆಯಿತು. ಅನಲಾಗ್ ಲೇಔಟ್ ಈಗಲೂ ಬಹುಪಾಲು ಕೈಕೆಲಸ.

ವೈರ್‌ಲೆಸ್‌ನಲ್ಲಿ?

ಸಂಪರ್ಕಕ್ಕೆ ಕಳಿಸಿದ ರೇಡಿಯೊ ಅಲೆಯಿಂದಲೇ ಸುತ್ತಲಿನ ವಸ್ತುಗಳನ್ನೂ ಗುರುತಿಸುವ ಕೆಲಸ ಮುಖ್ಯ ದಿಕ್ಕು. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2023ರಲ್ಲಿ ಒಪ್ಪಿದ 6ಜಿ ಚೌಕಟ್ಟಿನಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿದೆ. ಒಂದೇ ಅಲೆ ಎರಡು ಕೆಲಸ ಮಾಡಬೇಕಾದರೆ ಅದರ ಆಕಾರ ಹೇಗಿರಬೇಕು ಅನ್ನುವುದು ಒಳ್ಳೆಯ ಸಿಗ್ನಲ್ ಪ್ರೊಸೆಸಿಂಗ್ ಪ್ರಶ್ನೆ.

ದೊಡ್ಡ ಲ್ಯಾಬ್ ಇಲ್ಲದೆ ಶುರು ಮಾಡಬಹುದಾ?

ಮಾಡಬಹುದು. ಗೂಗಲ್ ಮತ್ತು ಸ್ಕೈವಾಟರ್ ಸೇರಿ 2020ರಲ್ಲಿ 130 ನ್ಯಾನೋಮೀಟರ್ ಚಿಪ್ ತಯಾರಿಕೆಯ ವಿನ್ಯಾಸ ನಿಯಮಗಳನ್ನು ಎಲ್ಲರಿಗೂ ತೆರೆದವು. ಅದಕ್ಕೆ ಮುಂಚೆ ಇಂಥ ಫೈಲ್ ಬೇಕಾದರೆ ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಸಿಮ್ಯುಲೇಶನ್‌ಗೆ ಎನ್‌ಜಿಸ್ಪೈಸ್, ಲೇಔಟ್‌ಗೆ ಮ್ಯಾಜಿಕ್, ಡಿಜಿಟಲ್‌ಗೆ ಯೋಸಿಸ್ ಮತ್ತು ಓಪನ್‌ರೋಡ್ ಇವೆ. ಎಲ್ಲವೂ ಉಚಿತ. ಟೈನಿ ಟೇಪ್‌ಔಟ್‌ನಂಥ ಯೋಜನೆಗಳು ನೂರಾರು ಜನರ ಚಿಕ್ಕ ವಿನ್ಯಾಸಗಳನ್ನು ಒಂದೇ ಚಿಪ್ಪಿನಲ್ಲಿ ಸೇರಿಸಿ ಮಾಡಿಸುತ್ತವೆ. ಇಮೇಜಿಂಗ್ ಕಡೆಗೆ ಒಲವಿದ್ದರೆ ಫಾಸ್ಟ್‌ಎಂಆರ್‌ಐ ಡೇಟಾ ಸಂಶೋಧಕರಿಗೆ ಅರ್ಜಿ ಹಾಕಿದರೆ ಸಿಗುತ್ತದೆ.

ಗಣಿತ ಎಷ್ಟು ಬೇಕು?

ಲೀನಿಯರ್ ಆಲ್ಜೀಬ್ರಾ ಮತ್ತು ಸಂಭವನೀಯತೆ ಚೆನ್ನಾಗಿ ಬರಬೇಕು. ಫೂರಿಯೆ ಕೈಬಾಯಿಗೆ ಬಂದಿರಬೇಕು. ಆಪ್ಟಿಮೈಸೇಶನ್ ಕೆಲಸ ಮಾಡುತ್ತಾ ಕಲಿಯಬಹುದು. ಎಲ್ಲಾ ಓದಿ ಮುಗಿಸಿ ಆಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ಮೇಲೆ ಹೇಳಿದ ಸಾಲು ಅಳಿಸುವ ಪ್ರಯೋಗಕ್ಕೆ ಪೈಥಾನ್‌ನಲ್ಲಿ ಐವತ್ತು ಸಾಲಿನ ಕೋಡ್ ಸಾಕು. ಅದನ್ನು ಮೊದಲು ಮಾಡಿ. ಆಮೇಲೆ ಎಷ್ಟು ಸಾಲು ಅಳಿಸಿದಾಗ ಚಿತ್ರ ವಾಪಸ್ ಬರುವುದು ನಿಲ್ಲುತ್ತದೆ ಅಂತ ಹುಡುಕಿ, ಯಾಕೆ ಅಲ್ಲೇ ನಿಂತಿತು ಅಂತ ಬರೆದು ನೋಡಿ.